ಒರೆಸುವ ಕೆಲಸ

ಮೊಂಬಾಸಾದಲ್ಲಿ, ಹೊಲಿಗೆ ಯಂತ್ರದ ಅಂಗಡಿಯ ಮೇಲೆ,
ಮೂರನೇ ಮಹಡಿ. ಇಲ್ಲಿ ನಾನು
ಬಂದವರ ಜೇಬು ಖಾಲಿ ಮಾಡಿಸುತ್ತೇನೆ,
ಕನ್ನಡಕ ಕಳಚಿಸಿ ಅದರ ಕಡ್ಡಿ ತಿರುವಿ ನೋಡುತ್ತೇನೆ,
ತೋಳು ಮಡಚಿಸುತ್ತೇನೆ, ಲಾಕರಿನ ಕೀಲಿ ಕೊಡುತ್ತೇನೆ.
ಒಳಗೆ ಕೇಳುವುದೂ ಬರೀ ಕಾವಲಿನ ಮಾತೇ ಅಂತೆ:
ಯಾರನ್ನು ಬಿಡುವುದು, ಯಾರನ್ನು ತಡೆಯುವುದು,
ಬಂದವನು ತಾನು ಹೇಳಿದವನೇ ಹೌದೆ.
ನನಗೆ ಆ ವಿದ್ಯೆ ಬಾರದು. ನಾನು ಕರೀಸಾ, ಬಾಗಿಲಿನವನು.
ಪಾಸಾದವರ ಹಾಳೆ, ಫೇಲಾದವರ ಹಾಳೆ
ಒಂದೇ ಪ್ರಿಂಟರು ಉಗುಳುತ್ತದೆ;
ಎರಡನ್ನೂ ಬೋರಲು ಹಾಕಿಯೇ ಕೊಡುತ್ತೇನೆ.

ಇವತ್ತು ಮ್ವನಕೊಂಬೊ.
ಬಂದರಿನ ಕಚೇರಿಯಲ್ಲಿ ರಾತ್ರಿಪಾಳಿ ಮುಗಿಸಿ
ನೇರ ಇಲ್ಲಿಗೇ ಬಂದಳು, ಕಣ್ಣಲ್ಲಿ ನಿದ್ದೆಗೆ ಜಾಗವಿಲ್ಲ.
ಮೂರನೇ ಸಲ. ಲಾಕರು ಏಳೇ ಬೇಕು ಎಂದಳು.
ಎಂಟುನೂರ ಇಪ್ಪತ್ತೈದು ಬರಬೇಕಿತ್ತು,
ಎಂಟುನೂರ ಹನ್ನೊಂದು ಬಂತು.

ಕೆಲವರು ನಗುತ್ತಾರೆ. ಕೆಲವರು ಬಚ್ಚಲೆಲ್ಲಿ ಎಂದು ಕೇಳಿ
ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಳಗಿರುತ್ತಾರೆ.
ಬ್ಯಾಂಕಿನವನೊಬ್ಬ, ದೊಡ್ಡ ಆಳು, ಕಳೆದ ತಿಂಗಳು
ನನ್ನ ಕೈ ಕುಲುಕಿ ಥ್ಯಾಂಕ್ಸ್ ಹೇಳಿ
ಮೆಟ್ಟಿಲ ಮೇಲೆ ಕೂತುಬಿಟ್ಟ.
ಇವಳು ಹಾಳೆ ಮಡಚಿದಳು, ಬಿಡಿಸಿದಳು,
ಮಡಿಕೆಯೊಳಗೆ ಅಂಕೆ ಸ್ವಲ್ಪ ಜರುಗಿದ್ದೀತೇನೋ ಎಂಬಂತೆ.
ನೀರು ಕೇಳಿದಳು. ಕುಡಿದಳು.
"ನಲವತ್ತೊಂದನೇ ಪ್ರಶ್ನೆ, ಕರೀಸಾ.
ಮೊದಲು ಗುರುತು ಹಾಕಿದ್ದೇ ಸರಿ. ಆಮೇಲೆ ಬದಲಿಸಿದೆ."
ಎಲ್ಲರೂ ಹೀಗೇ ಹೇಳುತ್ತಾರೆ.
ಎಲ್ಲರದೂ ನಿಜ ಇರಲಾರದು. ಆದರೂ ತಲೆಯಾಡಿಸುತ್ತೇನೆ.

ದುಡ್ಡು ಚೀಟಿಯದು. ಹದಿನಾರು ಹೆಂಗಸರು,
ಯಾರದೋ ಸರದಿ ಹಿಂದೆ ಸರಿಸಿ ಇವಳಿಗೆ ಕೊಟ್ಟಿದ್ದರು.
ಭಾನುವಾರ ಆ ಚಾಪೆಯ ಮೇಲೆ ಕೂರಬೇಕು.
"ಬಿ ಮೆಸಾಲಿಮು ಎಲ್ಲರ ಎದುರೇ ಕೇಳುತ್ತಾಳೆ,
ಮಗಳೇ, ಆ ಬೀಗ ಕೊನೆಗೂ ತೆಗೆದೆಯಾ?
ತೆಗೆಯುವುದಲ್ಲ ಬಿ, ಹಾಕುವುದು ಅಂತ
ಎರಡು ಸಲ ಹೇಳಿ ಆಯಿತು."
ಅಲ್ಲಿಗೆ ಅವಳಿಗೆ ನಗು ಬಂತು,
ನಗುವಿನ ಬೆನ್ನಿಗೇ ಬರಬೇಕಾದ್ದೂ ಬಂತು.
ನಾನು ಪ್ರಿಂಟರಿನ ಕಾಗದ ಸರಿಮಾಡುತ್ತ ನಿಂತೆ,
ಅದು ಸರಿಯಾಗಿಯೇ ಇತ್ತು.

ಹೋದಮೇಲೆ ಹಲಗೆ ಒರೆಸುವುದು ನನ್ನ ಕೆಲಸ.
ಒಳಗೆ ಲೆಕ್ಕಕ್ಕೆಂದು ಕೊಡುವ ಬಿಳಿಯ ಹಲಗೆ;
ಏನು ಬರೆದಿದ್ದರೂ ಹೊರಗೆ ಹೋಗಕೂಡದು.
ನೂರಿಪ್ಪತ್ತೆಂಟು, ನೂರ ತೊಂಬತ್ತೆರಡು, ಇನ್ನೂರಿಪ್ಪತ್ನಾಲ್ಕು,
ಅಂಕೆಗಳು ಏಣಿ ಇಳಿದಂತೆ ಇಳಿದಿದ್ದವು.
ಮೂಲೆಯಲ್ಲಿ ಒಂದು ಸಾಲು, ಒತ್ತಿ ಬರೆದದ್ದು:
ಹೆಸರಿಸದೆ ಉಳಿದದ್ದೆಲ್ಲ ನಿಷಿದ್ಧ.
ಹೋದ ಸಲ ತಿಳಿಸಿ ಹೇಳಿದ್ದಳು:
ಪ್ರತಿ ಪಟ್ಟಿಯ ಕೊನೆಗೂ ಆ ಸಾಲು ಇರುತ್ತದಂತೆ,
ಯಾರೂ ಬರೆಯುವುದಿಲ್ಲ, ಯಂತ್ರ ತಾನೇ ಓದಿಕೊಳ್ಳುತ್ತದೆ.
ಕಾಣದ ಸಾಲಿಗೂ ಅಂಕವೇ ಎಂದಿದ್ದೆ.
"ಅದಕ್ಕೇ ಜಾಸ್ತಿ."

ಸ್ಪಿರಿಟ್ ಹಾಕಿ ತಿಕ್ಕಿದೆ. ಅಂಕೆಗಳು ಹೋದವು.
ಸಾಲು ಪೂರ್ತಿ ಹೋಗಲಿಲ್ಲ, ಓರೆ ಹಿಡಿದರೆ ಕಾಣುತ್ತದೆ.
ಆ ಹಲಗೆಯನ್ನು ರಾಶಿಯ ಅಡಿಗೆ ಸೇರಿಸಿದೆ.

ಕೆಳಗೆ ಕಾಫಿಯವನು ಲೋಟ ಲೋಟಕ್ಕೆ ತಾಗಿಸಿ
ಸದ್ದು ಮಾಡುತ್ತಿದ್ದ. ಅವನ ಬೆಂಚಿನ ತುದಿಯಲ್ಲಿ ಅವಳು,
ಹಾಳೆಯ ಹಿಂಬದಿಯಲ್ಲಿ ಏನೋ ಗೀಚುತ್ತ.
ನನ್ನದೇ ಪೆನ್ನು. ದೋಣಿಯೊಂದು ಲಿಕೋನಿಯತ್ತ ಹೊರಟಿತು,
ಅವಳು ಏಳಲಿಲ್ಲ. ಇನ್ನೊಂದಕ್ಕೆ ಎದ್ದಳು.

ಸಂಜೆ ಕೀಲಿ ಎಣಿಸಿದರೆ ಏಳು ಇಲ್ಲ.
ಮತ್ತೆ ಬರೆಯಲು ಹದಿನೈದು ದಿನ ಕಾಯಬೇಕು, ಅದು ನಿಯಮ.
ಕೀಲಿ ಬಾರದಿದ್ದರೆ "ಕಳೆದಿದೆ" ಎಂದು ಬರೆದು
ಬೀಗ ಬದಲಿಸಬೇಕು, ಅದೂ ನಿಯಮವೇ.
ರಿಜಿಸ್ಟರು ಎಳೆದುಕೊಂಡು, ಬೇರೆ ಪೆನ್ನು ಹುಡುಕಿ,
ಏಳರ ಎದುರು "ಬಾಕಿ" ಎಂದು ಬರೆದೆ.
ಬೆಳಿಗ್ಗೆ ಎಂಟಕ್ಕೆ ಒಬ್ಬ ಹುಡುಗ ಬರುವವನಿದ್ದಾನೆ.
ಕನ್ನಡಕದವನೋ ಏನೋ.